ಕೊನೆಗಾಲದ ಕಾರುಗಳು

ಸೇಡಂನಿಂದ ಚಿಂಚೋಳಿಗೆ ಹೋಗುವ ದಾರಿಯಲ್ಲಿ ಈಗಲೂ ಒಮ್ಮೊಮ್ಮೆ ಅಂಬಾಸಿಡರ್ ಕಾರೊಂದು ಎದುರಾಗುವುದುಂಟು. ನಿಲ್ಲಿಸಿ ವಿಚಾರಿಸಿದರೆ ಅದು ಬಹುಮಟ್ಟಿಗೆ ತನ್ನ ವಂಶದ ಕೊನೆಗಾಲದ್ದೇ ಆಗಿರುತ್ತದೆ. ನನ್ನ ಬಾಲ್ಯದಲ್ಲಿ ಮದುವೆಯ ದಿಬ್ಬಣಗಳನ್ನು ಹೊತ್ತು ತಿರುಗಿದ ಮಾರ್ಕ್ ಟೂ ಕಾರುಗಳಾಗಲಿ, ಆಮೇಲೆ ಬಂದ ಮಾರ್ಕ್ ತ್ರೀಗಳಾಗಲಿ ಈ ಸೀಮೆಯಲ್ಲಿ ಕಣ್ಣಿಗೆ ಬೀಳುವುದು ವಿರಳ.

ಕೇಳುಗ ಮಿತ್ರರೆ, ಇದರಲ್ಲೊಂದು ಸೋಜಿಗವಿದೆ. ಕೋಲ್ಕತ್ತದ ಬಳಿಯ ಉತ್ತರಪಾರಾ ಕಾರ್ಖಾನೆಯಲ್ಲಿ ಈ ಕಾರು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. 1980ರ ದಶಕದ ನಡುವಿನಲ್ಲಿ ವರ್ಷಕ್ಕೆ ಸುಮಾರು 24,000 ಕಾರುಗಳು ಮಾರಾಟವಾಗುತ್ತಿದ್ದವು. ಕೊನೆಯ ಆರ್ಥಿಕ ವರ್ಷದಲ್ಲಿ ಆ ಸಂಖ್ಯೆ 2,500ನ್ನೂ ಮುಟ್ಟಲಿಲ್ಲ. ಹೆಚ್ಚು ಹುಟ್ಟಿದ್ದು ಹೆಚ್ಚು ಉಳಿಯಬೇಕಲ್ಲವೆ? ಕೊನೆಯವು ಎಳೆಯವು, ಆದಕಾರಣ ಉಳಿದಿವೆ ಎನ್ನಬಹುದು. ನಿಜ. ಆದರೆ ಕಾರಣ ಅಷ್ಟೇ ಆಗಿದ್ದರೆ ಈ ಭಾಷಣವನ್ನು ನಾನು ಇಲ್ಲಿಗೇ ಮುಗಿಸಬಹುದಾಗಿತ್ತು.

ಶಹಾಬಾದದ ಹಿರಿಯ ಮಿಸ್ತ್ರಿಯೊಬ್ಬರು ತಮ್ಮ ಅಂಗಡಿಯ ಮುಂದೆ ನಿಂತಿದ್ದ ಬಿಳಿಯ ಅಂಬಾಸಿಡರ್ ತೋರಿಸಿ, "ಈ ಒಂದ್ ಗಾಡಿ ಹೊಟ್ಟ್ಯಾಗ ನಾಕ್ ಗಾಡಿ ಅವರಿ ಸರ" ಎಂದರು. ಮಾತು ಅಕ್ಷರಶಃ ಸತ್ಯ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಆ ಮೈಕಟ್ಟು ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬದಲಾದದ್ದು ಅತ್ಯಲ್ಪ. ಹಳೆಯದರ ಬಾಗಿಲು ಹೊಸದಕ್ಕೆ ಒಗ್ಗುತ್ತಿತ್ತು. ಹೀಗಾಗಿ ಗುಜರಿ ಸೇರಿದ ಅಣ್ಣಂದಿರು ತಮ್ಮಂದಿರಿಗೆ ಅಂಗಾಂಗ ದಾನ ಮಾಡಿ ಮರೆಯಾದರು. 1990ರ ದಶಕದಲ್ಲಿ ಬಂದ ಇಸುಜು ಎಂಜಿನ್ನು, ಐದು ಗೇರುಗಳು ತಮ್ಮಂದಿರಿಗೆ ಇನ್ನಷ್ಟು ಕಸುವು ಕೊಟ್ಟವು.

ಇದಕ್ಕಿಂತ ಆಳವಾದ ಕಾರಣ ಬೇರೊಂದಿದೆ. ಕಾರ್ಖಾನೆ ನಡೆಯುತ್ತಿದ್ದಷ್ಟು ದಿನ ಹಳೆಯದನ್ನು ಕೊಟ್ಟು ಹೊಸದನ್ನು ತರುವುದು ಸುಲಭವಾಗಿತ್ತು. ಬಾಗಿಲು ಮುಚ್ಚಿದ ಮೇಲೆ, ಕೈಯಲ್ಲಿದ್ದುದನ್ನು ಹಿಂದಕ್ಕೆ ತಳ್ಳುವ ಹೊಸದೊಂದು ಬರಲಿಲ್ಲ. ಕನ್ನಡ ಓದಿದವನಾದ ನನಗೆ ಸೇಡಂ ತಾಲ್ಲೂಕಿನ ಮಳಖೇಡ ನೆನಪಾಗುತ್ತದೆ. ಆ ರಾಜಧಾನಿಯಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ದ ಮೂಲ ಗರಿಗಳು ನಮಗೆ ದೊರೆತಿಲ್ಲ. ದೊರೆತವು ಎಷ್ಟೋ ತಲೆಮಾರುಗಳ ಈಚಿನ ಪ್ರತಿಗಳು. ಹೊಸ ಪ್ರತಿ ಸಿದ್ಧವಾದಾಗ ಜೀರ್ಣವಾದ ಓಲೆಯ ಮೇಲಿನ ಅಕ್ಕರೆ ಕಡಿಮೆಯಾಗುತ್ತಿತ್ತು. ಮುದ್ರಣ ಬಂದು ಪ್ರತಿ ಮಾಡುವವರೇ ಇಲ್ಲವಾದಾಗ ಕೊನೆಯ ಓಲೆಗಳು ಭಂಡಾರಗಳಲ್ಲಿ ಉಳಿದವು. 1898ರಲ್ಲಿ ಕೆ. ಬಿ. ಪಾಠಕರು ಆ ಗ್ರಂಥವನ್ನು ಅಚ್ಚಿಗೆ ತಂದದ್ದು ಅಂಥ ಪ್ರತಿಗಳ ಬಲದಿಂದಲೇ.

ನಮ್ಮ ಒಣಹವೆಯ ಉಪಕಾರವೂ ಇದೆ. ಕರಾವಳಿಯ ಉಪ್ಪುಗಾಳಿಯಂತೆ ಇಲ್ಲಿಯದು ತಗಡನ್ನು ತಿನ್ನುವುದಿಲ್ಲ. ವಾಡಿಯ ಸಿಮೆಂಟು ಧೂಳಿನ ಮಾತು ಬೇರೆ!

ಆದರೆ ಉಳಿವಿಗೆ ತುಕ್ಕೊಂದೇ ಶತ್ರುವಲ್ಲ. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ದುಡಿಯಲು ಮುಂಬಯಿಗೆ ಹೋದ ನಮ್ಮ ಜನಕ್ಕೆ ಅಲ್ಲಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ಚಿರಪರಿಚಿತ. ಅವುಗಳಲ್ಲಿ ಕಟ್ಟಕಡೆಯದು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ. 2023ರ ಅಕ್ಟೋಬರಿನಲ್ಲಿ ಅದೂ ಬೀದಿಯಿಂದ ಸರಿಯಿತು. ಅದೇ ವರ್ಷದ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯೂ ರದ್ದಾಗತೊಡಗಿತು. ಖಾಸಗಿ ಕಾರಿಗೆ 15ರ ಬಳಿಕ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ, ನವೀಕರಣ. 2021ರ ನಿಯಮದಂತೆ ಪ್ರಾಚೀನ ವಾಹನವೆಂಬ ಗೌರವ ದೊರೆಯಬೇಕಾದರೆ 50 ವರ್ಷ ತುಂಬಬೇಕು. ಆಗಲೂ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ನಡುವಿನ 35 ವರ್ಷಗಳಲ್ಲಿ ಅದು ಕಾನೂನಿನ ಕಣ್ಣಿಗೆ ಕೇವಲ ಹಳೆಯ ಗಾಡಿ. ಇದು ನನಗೆ ಸರಿಯೆನಿಸುವುದಿಲ್ಲ.

ಚಿತ್ತಾಪುರದ ನನ್ನ ವೈದ್ಯಮಿತ್ರರ ಬಳಿ 2013ರ ಅಂಬಾಸಿಡರ್ ಇದೆ. 2028ಕ್ಕೆ ಅದಕ್ಕೆ 15 ತುಂಬುತ್ತದೆ, 50 ತುಂಬುವುದು 2063ಕ್ಕೆ. ಮಕ್ಕಳು ಮಾರಿಬಿಡಿ ಎನ್ನುತ್ತಾರೆ. "ಏನ್ ಮಾಡೋಣ್ರಿ ಸರ?" ಎಂದು ಅವರು ಕೇಳಿದಾಗ, "ಇಟ್ಕೊಳ್ರಿ, ಇದರ ಹಿಂದ ಮತ್ತೊಂದು ಬರಂಗಿಲ್ಲ" ಎಂದೆ. ಮೊನ್ನೆ ಹೋದಾಗ ಬೇವಿನ ಮರದ ಕೆಳಗಿದ್ದ ಕಾರಿಗೆ ಹೊಸ ತಗಡಿನ ಮಾಡು ಬಂದಿತ್ತು. ನಾಲ್ಕು ಚಕ್ರಗಳ ಕೆಳಗೂ ಒಂದೊಂದು ಶಹಾಬಾದ ಕಲ್ಲು ಹಾಸಿದ್ದರು.