ನಲವತ್ತರ ಮೇಲೆ ಮೋಟಾರು ಸೈಕಲ್ಲು

ಈಜು, ಸಂಗೀತ, ಬೈಸಿಕಲ್ಲು—ಇವುಗಳನ್ನೆಲ್ಲ ಎಳವೆಯಲ್ಲಿಯೇ ಕಲಿಯಬೇಕು, ಎಲುಬು ಬಲಿತ ಮೇಲೆ ಕಲಿಯಹೊರಡುವುದು ವ್ಯರ್ಥಪ್ರಯಾಸ ಎಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಗಾದೆಯೇ ಉಂಟು. ಆದರೆ ಈ ಗಾದೆಯನ್ನು ಹೇಳುವವರು ಸಾಮಾನ್ಯವಾಗಿ ಮರಗಳೇ ಆಗಿರುತ್ತಾರೆಂಬುದನ್ನು ಶ್ರೋತೃಗಳು ಗಮನಿಸಿರಬಹುದು. ನಲವತ್ತು ದಾಟಿದವನು ಮೋಟಾರು ಸೈಕಲ್ಲನ್ನು ನಡೆಸಲು ಮೊದಲ ಬಾರಿಗೆ ಕಲಿತರೆ ಏನಾಗುತ್ತದೆ ಎಂಬುದೇ ಈ ಹೊತ್ತಿನ ವಿಷಯ. ಇದಕ್ಕೆ ಒಂದು ಉಪನ್ಯಾಸ ಬೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಇಪ್ಪತ್ತರಲ್ಲಿ ಕಲಿತವನಿಗೆ ತಾನು ಹೇಗೆ ಕಲಿತೆನೆಂಬ ನೆನಪೇ ಇರುವುದಿಲ್ಲ. ಅವನನ್ನು ಕೇಳಿದರೆ 'ಹತ್ತಿದೆ, ಹೋದೆ' ಎನ್ನುತ್ತಾನೆ. ನಡುವಯಸ್ಸಿನವನಾದರೋ ತಾನು ಕಲಿಯುತ್ತಿರುವುದನ್ನು ತಾನೇ ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾನೆ. ಆದುದರಿಂದ ಹೇಳುವುದಕ್ಕೆ ಅವನಲ್ಲಿ ಏನಾದರೂ ಇರುತ್ತದೆ.

ಈ ವಾಹನದ ಪೂರ್ವಚರಿತ್ರೆಯೂ ಅಂಜುಬುರುಕರಿಗೆ ಸಮಾಧಾನಕರವಾದುದೇ. ೧೮೮೫ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಕ್ ಎಂಬಿಬ್ಬರು ಮರದ ಚೌಕಟ್ಟಿಗೆ ಪೆಟ್ರೋಲಿನ ಇಂಜಿನ್ನನ್ನು ಜೋಡಿಸಿದರು. ಮೋಟಾರು ಸೈಕಲ್ಲಿನ ವಂಶಾವಳಿ ಅಲ್ಲಿಂದಲೇ ಆರಂಭವಾಗುತ್ತದೆಂದು ಹೇಳುವುದು ರೂಢಿ. ಆ ಮೂಲಪುರುಷನಿಗೆ ಎರಡು ದೊಡ್ಡ ಚಕ್ರಗಳಲ್ಲದೆ, ಉರುಳಿಬೀಳದಂತೆ ಎರಡು ಪಕ್ಕಗಳಲ್ಲಿಯೂ ಒಂದೊಂದು ಪುಟ್ಟ ಚಕ್ರವಿದ್ದಿತು. ಈಗ ಮಕ್ಕಳ ಸೈಕಲ್ಲಿಗೆ ಹಾಕುವಂಥವೇ. ಮನುಷ್ಯಕುಲವೇ ಊರುಗೋಲು ಹಿಡಿದು ಈ ವಿದ್ಯೆಗೆ ಕಾಲಿಟ್ಟಿರುವಾಗ ಒಬ್ಬ ಕಾಲೇಜು ಅಧ್ಯಾಪಕನು ಎರಡು ಕಾಲುಗಳನ್ನೂ ನೆಲಕ್ಕೆ ಊರಿಕೊಂಡು ಹತ್ತು ಗಜ ಹೋದರೆ ನಗುವುದಕ್ಕೆ ಕಾರಣವಿಲ್ಲ.

ಮೈಸೂರಿನವರಿಗಂತೂ ಮೋಟಾರು ಸೈಕಲ್ಲು ಪರದೇಶದ ವಸ್ತುವೆಂದು ಅನ್ನಿಸುವಂತಿಲ್ಲ. ೧೯೬೦ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಂಪನಿಯು ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಕಟ್ಟಿ, ಚೆಕೊಸ್ಲೊವಾಕಿಯಾ ದೇಶದ ಜಾವಾ ಸಂಸ್ಥೆಯ ವಾಹನಗಳನ್ನು ಇಲ್ಲಿಯೇ ತಯಾರಿಸಿತು. ಮುಂದೆ ೧೯೭೩ರಿಂದ ಅವುಗಳಿಗೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಊರಿನ ಕಿವಿಯಿಂದ ಆ ಸದ್ದು ಹೋಗಲಿಲ್ಲ. ಎಣ್ಣೆ ಬೆರೆಸಿದ ಪೆಟ್ರೋಲನ್ನು ಕುಡಿದು, ನೀಲಿ ಹೊಗೆಯನ್ನು ಬಿಡುತ್ತ ಹೋಗುವ ಆ ಗಾಡಿಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳ ಒಂದು ವಿಶೇಷ ನಮಗೆ ಬಹಳ ಹಿಡಿಸಿತು. ಸಾಮಾನ್ಯ ಗಾಡಿಗಳಲ್ಲಿ ಇಂಜಿನ್ನನ್ನು ಒದೆದು ಎಬ್ಬಿಸುವ ಕಿಕ್ಕರು ಬೇರೆ, ಗೇರು ಬದಲಾಯಿಸುವ ಸನ್ನೆ ಬೇರೆ. ಜಾವಾದಲ್ಲಿ ಇವೆರಡೂ ಒಂದೇ ಸನ್ನೆ. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರು. ಮರಳಿ ಮುಂದಕ್ಕೆ ತಂದರೆ ಗೇರು. ಬೆಳಗ್ಗೆ ಮನೆಯವರನ್ನೆಲ್ಲ ಎಬ್ಬಿಸಿದ ಅಜ್ಜಿಯೇ ಹಗಲೆಲ್ಲ ಮನೆಯನ್ನೂ ನಡೆಸುತ್ತಿದ್ದ ಹಾಗೆ.

ಹೊಸಬನಿಗೆ ಎದುರಾಗುವ ಮೊದಲ ಕಷ್ಟ ಅಂಗಾಂಗಗಳ ಶ್ರಮವಿಭಾಗ. ಎಡಗೈಗೆ ಕ್ಲಚ್ಚು, ಬಲಗೈಗೆ ವೇಗದ ಹಿಡಿ ಮತ್ತು ಮುಂಬ್ರೇಕು, ಎಡಗಾಲಿಗೆ ಗೇರು, ಬಲಗಾಲಿಗೆ ಹಿಂಬ್ರೇಕು. ನಮ್ಮಲ್ಲಿ ಅಷ್ಟಾವಧಾನಿಗಳನ್ನು ಸಭೆ ಸೇರಿಸಿ ಸನ್ಮಾನಿಸುತ್ತಾರೆ. ಹಾಲು ಹಾಕುವ ಹುಡುಗನು ದಿನವೂ ಬೆಳಗಿನ ಐದು ಗಂಟೆಗೆ ಇಷ್ಟು ಅವಧಾನಗಳನ್ನು ನಿರಾಯಾಸವಾಗಿ ಮಾಡಿಕೊಂಡು ಹೋಗುತ್ತಾನೆ, ಅವನಿಗೆ ಯಾರೂ ಶಾಲು ಹೊದಿಸಿಲ್ಲ. ಹಳೆಯ ಬುಲೆಟ್ ಗಾಡಿಗಳಲ್ಲಿ ಗೇರು ಬಲಗಾಲಿಗೂ ಬ್ರೇಕು ಎಡಗಾಲಿಗೂ ಇದ್ದುವು. ಅದರಲ್ಲಿ ಪಳಗಿದವರು ಹೊಸ ಗಾಡಿಯನ್ನು ಹತ್ತಿದರೆ ನಿಲ್ಲಿಸಬೇಕಾದಾಗ ಗೇರನ್ನು ತುಳಿಯುವರು. ಏನೂ ಕಲಿಯದೆ ನಲವತ್ತು ವರ್ಷ ಕಳೆದವನಿಗೆ ಈ ಒಂದು ಲಾಭವಾದರೂ ಇದೆ: ಮರೆಯಬೇಕಾದುದು ಏನೂ ಇಲ್ಲ.

ಇವುಗಳಲ್ಲಿ ಕ್ಲಚ್ಚಿನ ವಿದ್ಯೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಇಂಜಿನ್ನು ಒಂದು ಮಿತಿಗಿಂತ ನಿಧಾನವಾಗಿ ತಿರುಗಲಾರದು. ನಿಂತಿರುವ ಚಕ್ರವಾದರೋ ತಿರುಗುತ್ತಲೇ ಇಲ್ಲ. ಓಡುವವನನ್ನೂ ಕುಳಿತವನನ್ನೂ ಒಂದೇ ಹಗ್ಗಕ್ಕೆ ಥಟ್ಟನೆ ಕಟ್ಟಿದರೆ ಓಡುವವನು ಮುಗ್ಗರಿಸುತ್ತಾನೆ, ಇಲ್ಲವೆ ಕುಳಿತವನು ಹಾರಿಬೀಳುತ್ತಾನೆ. ಕ್ಲಚ್ಚಿನೊಳಗಿನ ತಟ್ಟೆಗಳು ಒಂದನ್ನೊಂದು ಮೊದಲು ಜಾರುತ್ತ, ಉಜ್ಜುತ್ತ, ಕ್ರಮೇಣ ಹಿಡಿದುಕೊಳ್ಳುವುದರಿಂದ ಈ ವಿರಸ ತಪ್ಪುತ್ತದೆ. ಆ ಹಿಡಿತ ಹತ್ತುವ ಜಾಗ ಬೆರಳ ಚಲನೆಯಲ್ಲಿ ಅರ್ಧ ಅಂಗುಲವೂ ಇಲ್ಲ. ಅದು ಎಲ್ಲಿದೆಯೆಂಬುದನ್ನು ಯಾವ ಪುಸ್ತಕವೂ ಹೇಳಲಾರದು, ಏಕೆಂದರೆ ಗಾಡಿಯಿಂದ ಗಾಡಿಗೆ ಅದು ಬೇರೆ.

ನಮಗೆ ಇದನ್ನು ಹೇಳಿಕೊಟ್ಟವನು ಹಿಂದೆ ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ತರುಣ. ಭಾನುವಾರದ ಬೆಳಗ್ಗೆ ಊರ ಹೊರಗಿನ ಮೈದಾನದಲ್ಲಿ ಪಾಠ. ನಾವು ಕ್ಲಚ್ಚಿನ ತತ್ತ್ವವನ್ನು ಅವನಿಂದ ಕೇಳಿ ತಿಳಿದುಕೊಳ್ಳಲು ಯತ್ನಿಸಿದೆವು. 'ಸಾರ್, ತತ್ತ್ವ ಆಮೇಲೆ ನೋಡೋಣ, ಮೊದಲು ಬೆರಳು ನಿಧಾನವಾಗಿ ಬಿಡಿ' ಎಂದನು. ಬಿಟ್ಟೆವು, ಗಾಡಿ ನಡುಗಿ ನಿಂತಿತು. 'ಇನ್ನೊಂದು ಸಲ ಸಾರ್' ಎಂದನು. ಮೂವತ್ತು ಸಲವಾದರೂ ಹಾಗೆಂದಿರಬೇಕು; ಒಂದು ಸಲವೂ ದನಿ ಏರಲಿಲ್ಲ. ಹಿಂದೆ ಅವನಿಗೆ ಛಂದಸ್ಸಿನ ಪಾಠದಲ್ಲಿ ನಾವು ಎಷ್ಟು ಬಾರಿ 'ಇನ್ನೊಂದು ಸಲ' ಎಂದಿದ್ದೆವೆಂದು ಲೆಕ್ಕ ಹಾಕಲು ಮನಸ್ಸು ಬರಲಿಲ್ಲ. ಮಾತಿನಿಂದಲೇ ಹೊಟ್ಟೆ ಹೊರೆಯುವವನಿಗೆ, ಮಾತು ಸಾಗದ ಒಂದು ವಿದ್ಯೆಯ ಎದುರು ಕೈಕಟ್ಟಿ ನಿಲ್ಲುವುದು ಸುಲಭವಲ್ಲ, ಆದರೆ ಆರೋಗ್ಯಕರ.

ಮಾತು ಸಾಗುವುದಿಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ಕೊಡಬಹುದು. ವಿಮಾನವನ್ನು ನಿರ್ಮಿಸಿದ ರೈಟ್ ಸೋದರರು ಅಮೆರಿಕೆಯ ಡೇಟನ್ ಪಟ್ಟಣದಲ್ಲಿ ಮೊದಲು ಬೈಸಿಕಲ್ಲಿನ ಅಂಗಡಿಯನ್ನು ಇಟ್ಟಿದ್ದವರು. ಅವರಲ್ಲಿ ಹಿರಿಯನಾದ ವಿಲ್ಬರ್ ಒಂದು ವಿಚಿತ್ರವನ್ನು ಗುರುತಿಸಿದ್ದನು: ಎಡಕ್ಕೆ ತಿರುಗಬೇಕೆಂದಿರುವ ಸವಾರನು ಮೊದಲು ಹ್ಯಾಂಡಲ್ಲನ್ನು ತುಸು ಬಲಕ್ಕೆ ತಿರುಗಿಸುತ್ತಾನೆ, ಅದರಿಂದ ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಮೇಲೆ ಎಡಕ್ಕೆ ತಿರುಗುತ್ತದೆ. ಆತನು ಅನೇಕ ಸವಾರರನ್ನು ಈ ವಿಷಯವಾಗಿ ಕೇಳಿ ನೋಡಿದನು. ದಿನವೂ ಅದನ್ನು ಮಾಡುತ್ತಿದ್ದವರಿಗೆ ತಾವು ಮಾಡುತ್ತಿರುವುದು ಇದೆಂದು ತಿಳಿದಿರಲಿಲ್ಲ. ಮೋಟಾರು ಸೈಕಲ್ಲಿನಲ್ಲಿಯೂ ವೇಗ ಸ್ವಲ್ಪ ಏರಿದೊಡನೆ ಇದೇ ನಿಯಮ. ಎಡಕ್ಕೆ ಹೋಗಬೇಕಾದರೆ ಎಡಗೈಯಿಂದ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಬೇಕು. ಇದನ್ನು ಕಾಗದದ ಮೇಲೆ ನೋಡಿದರೆ ಬುದ್ಧಿ ಒಪ್ಪುವುದಿಲ್ಲ. ಕೈಗೆ ಮಾತ್ರ ಯಾವ ಸಂದೇಹವೂ ಇಲ್ಲ. ಕಣ್ಣಿನ ವಿಷಯವೂ ಹೀಗೆಯೇ. ದಾರಿಯ ಗುಂಡಿಯನ್ನೇ ದಿಟ್ಟಿಸಿದರೆ ಗಾಡಿ ನೇರವಾಗಿ ಗುಂಡಿಗೇ ಹೋಗುತ್ತದೆ. 'ಗುಂಡಿ ನೋಡಬೇಡಿ ಸಾರ್, ದಾರಿ ನೋಡಿ' ಎಂಬುದು ನಮ್ಮ ಗುರುವಿನ ಸೂತ್ರ. ನಮ್ಮ ಊರುಗಳ ರಸ್ತೆಗಳಲ್ಲಿ ಇವೆರಡನ್ನೂ ಬೇರ್ಪಡಿಸಿ ನೋಡುವುದು ಕೆಲವು ಕಡೆ ಕಷ್ಟವೆಂಬುದು ಬೇರೆ ಮಾತು.

ಹಾಗಾದರೆ ವಯಸ್ಸಿನ ತೊಡಕು ಎಷ್ಟರಮಟ್ಟಿನದು? ಅಮೆರಿಕೆಯ ಮನಶ್ಶಾಸ್ತ್ರಜ್ಞನಾದ ಎಡ್ವರ್ಡ್ ಥಾರ್ನ್‌ಡೈಕನು ೧೯೨೮ರಲ್ಲಿ ವಯಸ್ಕರ ಕಲಿಕೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಕಲಿಯುವ ಶಕ್ತಿ ಬಾಲ್ಯದಲ್ಲಿಯೇ ಮುಗಿದುಹೋಗುವುದೆಂಬುದು ನಿಜವಲ್ಲ, ಯೌವನದ ನಂತರ ಅದು ಇಳಿಯುವುದು ಬಹು ನಿಧಾನವಾಗಿ ಎಂಬುದು ಅವನ ಪರೀಕ್ಷೆಗಳಿಂದ ಹೊರಟ ತೀರ್ಮಾನ. ಅವನಿಗಿಂತ ಮುಂಚೆ, ೧೮೯೭ರಲ್ಲಿ, ಬ್ರಯನ್ ಮತ್ತು ಹಾರ್ಟರ್ ಎಂಬಿಬ್ಬರು ತಂತಿಯ ಗುಮಾಸ್ತರು ತಮ್ಮ ಕೆಲಸವನ್ನು ಹೇಗೆ ಕಲಿಯುವರೆಂದು ಅಳೆದು ನೋಡಿದ್ದರು. ಕೆಲವು ಕಾಲ ಏರಿಕೆ. ಅನಂತರ ಎಷ್ಟು ದುಡಿದರೂ ಒಂದಂಗುಲವೂ ಏರದ ಸಮತಟ್ಟು. ಬಳಿಕ ಮತ್ತೆ ಏರಿಕೆ. ಈ ಸಮತಟ್ಟಿನಲ್ಲಿ ತರುಣನು ಹಾಡುತ್ತ ನಡೆಯುತ್ತಾನೆ. ನಡುವಯಸ್ಸಿನವನಾದರೋ ಕುಳಿತುಕೊಂಡು, 'ಇದು ನನ್ನಿಂದ ಆಗದು' ಎಂದು ತೀರ್ಪು ಬರೆಯುತ್ತಾನೆ. ನಮ್ಮ ಅನುಭವದಲ್ಲಿ ಹೆಚ್ಚು ಅಡ್ಡಿ ಮಾಡುವುದು ಗಡುಸಾದ ಕೀಲುಗಳಿಗಿಂತ ಈ ತೀರ್ಪು ಬರೆಯುವ ಅಭ್ಯಾಸವೇ. ಅದರೊಡನೆ, ನೋಡುವವರು ಏನೆಂದಾರು ಎಂಬ ಸಂಕೋಚ. ಮೈದಾನದ ಬೇಲಿಯ ಮೇಲೆ ಕುಳಿತ ನಾಲ್ಕು ಹುಡುಗರು ನಮ್ಮನ್ನು ಗಾಬರಿಪಡಿಸಿದಷ್ಟು ಗಾಡಿಯು ಗಾಬರಿಪಡಿಸಲಿಲ್ಲ.

ಆದರೂ ದೇಹದಲ್ಲಿ ಬದಲಾವಣೆಯೇ ಇಲ್ಲವೆಂದು ವಾದಿಸುವುದು ಸಲ್ಲದು. ಹತ್ತಿರದ ಅಕ್ಷರ ಮಸುಕಾಗುವುದಕ್ಕೆ ನಮ್ಮ ಜನ 'ಚಾಳೀಸು' ಎಂದೇ ಹೆಸರಿಟ್ಟಿದ್ದಾರೆ. ಚಾಳೀಸು ಎಂದರೆ ನಲವತ್ತು. ಸರ್ಕಾರವೂ ಈ ಎಲ್ಲೆಯನ್ನು ಮನ್ನಿಸಿದೆ: ನಲವತ್ತು ದಾಟಿದವರು ಲೈಸೆನ್ಸಿನ ಅರ್ಜಿಯೊಡನೆ ವೈದ್ಯರ ಪ್ರಮಾಣಪತ್ರವನ್ನೂ ಒದಗಿಸಬೇಕು. ಕಲಿಯುವವರ ಲೈಸೆನ್ಸು ಆರು ತಿಂಗಳ ಕಾಲ ನಡೆಯುತ್ತದೆ. ಒಂದು ತಿಂಗಳು ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಎಂಟರ ಅಂಕಿಯಂತೆ ಸುತ್ತುವ ದಾರಿಯಲ್ಲಿ ಕಾಲೂರದೆ ಹೋಗಿಬರುವುದೇ ಅದರ ಮುಖ್ಯಾಂಶ. ವೇಗವಾಗಿ ಹೋಗಬಲ್ಲವರು ಬೇಕಾದಷ್ಟು ಮಂದಿ; ನಿಧಾನವಾಗಿ ಹೋಗಬಲ್ಲವನೇ ಗಾಡಿಯನ್ನು ಬಲ್ಲವನು. ಈ ಪರೀಕ್ಷೆಯನ್ನು ಗೊತ್ತುಮಾಡಿದವರ ವಿವೇಕವನ್ನು ನಾವು ಮೆಚ್ಚುತ್ತೇವೆ.

ಇನ್ನು ಭಯದ ಮಾತು. ಇಪ್ಪತ್ತರವನಿಗೆ ಸಾವು ಪುಸ್ತಕದಲ್ಲಿರುವ ವಿಷಯ. ನಲವತ್ತರವನಿಗೆ ಅದು ವಿಮೆಯ ಕಂತು, ಮಗಳ ಫೀಜು, ಊರಿನಲ್ಲಿರುವ ಮುದಿ ತಾಯಿ. 'ಎರಡು ಚಕ್ರದ ಮೇಲೆ ಪ್ರಾಣ ಇಟ್ಟುಕೊಂಡು ಎಲ್ಲಿಗೆ ಹೋಗಬೇಕಪ್ಪ ನಿನಗೆ?' ಎಂದು ನಮ್ಮ ತಾಯಿಯವರು ಕೇಳಿದ ಪ್ರಶ್ನೆಗೆ ಒಪ್ಪುವಂಥ ಉತ್ತರ ನಮ್ಮಲ್ಲಿ ಇರಲಿಲ್ಲ, ಈಗಲೂ ಇಲ್ಲ. ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನ ಸತ್ತರೆಂದು ಸರ್ಕಾರದ ವರದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಮೇಲ್ಪಟ್ಟವರು ದ್ವಿಚಕ್ರ ವಾಹನಗಳವರು. ಗಂಟೆಗೆ ೪೦ ಕಿಲೋಮೀಟರು ಎಂದರೆ ಸೆಕೆಂಡಿಗೆ ೧೧ ಮೀಟರು. ಬ್ರೇಕು ಹಾಕಬೇಕೆಂದು ತೋರಿ ಕೈ ಚಲಿಸುವಷ್ಟರಲ್ಲಿಯೇ ಒಂದು ಮನೆಯ ಅಗಲ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿ. ಈ ಗಣಿತಕ್ಕೆ ಧೈರ್ಯಶಾಲಿ, ಹೇಡಿ ಎಂಬ ಭೇದವಿಲ್ಲ.

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಅರೇಬಿಯದ ಲಾರೆನ್ಸನ ಹೆಸರು ಪರಿಚಿತ. ಯುದ್ಧಭೂಮಿಯಿಂದ ಬದುಕಿ ಬಂದ ಆತನು ೧೯೩೫ರ ಮೇ ತಿಂಗಳಲ್ಲಿ ತನ್ನ ಮನೆಯ ಸಮೀಪದ ಹಳ್ಳಿಗಾಡಿನ ರಸ್ತೆಯಲ್ಲಿ ಬ್ರೌ ಸುಪೀರಿಯರ್ ಗಾಡಿಯಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ತೀರಿಕೊಂಡನು. ವಯಸ್ಸು ನಲವತ್ತಾರು. ಅವನು ಹೊಸಬನಲ್ಲ, ಆ ಗಾಡಿಗಳಲ್ಲಿ ಬಹುಕಾಲ ಪಳಗಿದವನು. ಶುಶ್ರೂಷೆಗೆ ಬಂದವರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯನಿದ್ದನು. ಮುಂದೆ ಯುದ್ಧ ಬಂದು, ಸುದ್ದಿ ಒಯ್ಯುವ ಸೈನಿಕ ಸವಾರರು ಒಬ್ಬೊಬ್ಬರಾಗಿ ಇದೇ ರೀತಿ ಸಾಯುತ್ತಿದ್ದುದನ್ನು ಕೇರ್ನ್ಸ್ ಲೆಕ್ಕವಿಟ್ಟು, ಶಿರಸ್ತ್ರಾಣದ ಅಗತ್ಯವನ್ನು ೧೯೪೧ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ಅದೇ ವರ್ಷದ ಕೊನೆಯಲ್ಲಿ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ಇಂದು ನಮ್ಮ ನಗರಗಳಲ್ಲಿ ವಿದ್ಯಾವಂತರು ಹೆಲ್ಮೆಟ್ಟನ್ನು ಮೊಳಕೈಗೆ ತೂಗುಹಾಕಿಕೊಂಡು ಹೋಗುವುದನ್ನು, ಪೋಲೀಸರನ್ನು ಕಂಡೊಡನೆ ತಲೆಗೆ ಏರಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಪೋಲೀಸರಿಂದ ಮೆದುಳನ್ನು ಕಾಪಾಡಿಕೊಳ್ಳುವ ಉಪಾಯವೆಂದು ಅವರು ತಿಳಿದಿರುವಂತಿದೆ. ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯದಿದ್ದರೆ, ಬೀಳುವಾಗ ಅದು ನಮಗಿಂತ ಮುಂಚೆ ನೆಲವನ್ನು ಸೇರುತ್ತದೆ. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಅಳತೆಯನ್ನೂ ಐ.ಎಸ್.ಐ. ಗುರುತನ್ನೂ ನೋಡತಕ್ಕದ್ದು.

ಇಷ್ಟು ಅಪಾಯವನ್ನು ತಿಳಿದೂ ಕಲಿಯುವುದೇಕೆಂದು ಕೇಳಬಹುದು. ಕಾರಿನಲ್ಲಿ ಕುಳಿತವನು ಊರನ್ನು ಗಾಜಿನಾಚೆ ನೋಡುತ್ತಾನೆ. ಈ ಗಾಡಿಯ ಮೇಲೆ ಊರು ಮೈಗೇ ತಗಲುತ್ತದೆ: ಕೆರೆಯ ಏರಿಯನ್ನು ಸಮೀಪಿಸಿದೊಡನೆ ಮೊಣಕಾಲಿಗೆ ತಣ್ಪು, ಆಲೆಮನೆಯ ಬೆಲ್ಲದ ವಾಸನೆ, ಹೊಂಗೆಯ ಸಾಲಿನ ನೆರಳು ಕೈಮೇಲೆ ಹಾದುಹೋಗುವುದು. ಹದಿನೈದು ವರ್ಷ ಬಸ್ಸಿನಲ್ಲಿ ಹೋಗುತ್ತಿದ್ದ ದಾರಿಯೊಂದು ಇಷ್ಟು ಏರುಪೇರಿನದೆಂದು ನಮಗೆ ತಿಳಿದದ್ದು ಈಗ. ಚಾಮುಂಡಿಬೆಟ್ಟದ ಇಳಿಜಾರಿನಲ್ಲಿ ಪೆಟ್ರೋಲು ಉಳಿಯುವುದೆಂದು ಇಂಜಿನ್ನನ್ನು ನಿಲ್ಲಿಸಿ ಜಾರಿಬರುವವರಿದ್ದಾರೆ. ಎರಡನೆಯ ಗೇರಿನಲ್ಲಿ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಕಾದು ಸೋಲುವುದಿಲ್ಲ. ಆ ಹಿಡಿತ ಅಂಗೈಗೆ ತಿಳಿಯುವುದರಲ್ಲಿ ಒಂದು ಸುಖವಿದೆ. ಅದು ವರ್ಣಿಸಲು ಬರುವಂಥದಲ್ಲ.

ಹಿಂದಿನ ಆಸನದವರಿಗೂ ಹೆಲ್ಮೆಟ್ಟು ಕಾನೂನಿನಂತೆ ಕಡ್ಡಾಯ. ಈ ಗಾಡಿಯನ್ನು ಮನೆಯೊಳಕ್ಕೆ ತರಕೂಡದೆಂದು ಮೊದಲು ಪಟ್ಟುಹಿಡಿದಿದ್ದ ನಮ್ಮ ಮನೆಯವರು ಕಳೆದ ವಾರ ತಮಗೂ ಒಂದನ್ನು ಕೊಂಡುಕೊಂಡರು. ಅಂಗಡಿಯವನು ತೋರಿಸಿದ ಏಳರಲ್ಲಿ ಆರನ್ನು ಅವರು ತಲೆಗಿಟ್ಟು ನೋಡಿ ಹಿಂದಕ್ಕೆ ಕೊಟ್ಟರು. ಜಡೆಗೆ ಜಾಗವಿರಲಿಲ್ಲವಂತೆ.