ಮನೆ ಬಾಗಿಲಿಗೆ ಬರುವ ಅರ್ಥಶಾಸ್ತ್ರ

(ಮೈಸೂರಿನ ಅಶೋಕಪುರಂನಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಲವು ದೇಶಗಳ ಅರ್ಥಶಾಸ್ತ್ರಜ್ಞರು ಕೂಡಿ ನಡೆಸುವ ಸಂಶೋಧನೆಯ ಕುರಿತು ಮಾತನಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ಇದು ವಿಶ್ವವಿದ್ಯಾನಿಲಯದ ಗೋಡೆಗಳೊಳಗಿನ ಸಂಗತಿ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ಆ ದೊಡ್ಡ ಸರಪಳಿಯ ಕೊನೆಯ ಕೊಂಡಿ ಇರುವುದು ನಮ್ಮ ನಿಮ್ಮ ಮನೆಯ ಹೊಸ್ತಿಲಿನಲ್ಲಿ. ಪ್ರಶ್ನಾವಳಿ ಹಿಡಿದು ಬಿಸಿಲಲ್ಲಿ ಬಂದು ನಿಂತ ಹುಡುಗಿಗೆ ನಮ್ಮ ಮನೆಯ ಹೆಂಗಸರು ಏನು ಹೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ನಮ್ಮ ನೆರೆಯ ಒಂದು ಉದಾಹರಣೆ. ಹಿಟ್ಲರನ ಕಾಲದಲ್ಲಿ ವಿಯೆನ್ನಾ ತೊರೆದು ಇಂಗ್ಲೆಂಡ್ ಸೇರಿದ ಯಹೂದಿ ಕುಟುಂಬದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಹಿಳೆ, 1954ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಿಂದ ಮಂಡ್ಯದ ಕಡೆಯ ಎರಡು ಹಳ್ಳಿಗಳಿಗೆ ಬಂದರು. ಒಂದಕ್ಕೆ ಕಾಲುವೆ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಲ್ಲೇ ಉಳಿದಿತ್ತು. ನೀರು ಬಂದ ಊರಿನಲ್ಲಿ ಹಣ ಬಂತು. ಆದರೆ ಒಕ್ಕಲಿಗ ಯಜಮಾನನಿಗೂ ದಲಿತ ಆಳಿಗೂ ಇದ್ದ ವಂಶಪಾರಂಪರ್ಯ ಸಂಬಂಧ ಹಾಗೆಯೇ ಮುಂದುವರಿಯಿತು. ನೀರು ಬಾರದ ಊರಿನ ಜನ ಕೆಲಸ, ವ್ಯಾಪಾರ ಹುಡುಕಿ ಹೊರಗೆ ಹೋದರು. ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿ. ಸಮೃದ್ಧಿ ಬಂದರೆ ಸಮಾನತೆ ತಾನಾಗಿ ಬರುತ್ತದೆ ಎಂದು ನಂಬಿದವರಿಗೆ ಇದೊಂದು ದೊಡ್ಡ ಪೆಟ್ಟು. ಆಕೆ 1970ರಲ್ಲಿ ಮತ್ತೆ ಬಂದರು. ನಲವತ್ತು ವರ್ಷಗಳ ಬದಲಾವಣೆಯನ್ನು ಹೇಳುವ ಪುಸ್ತಕ 1998ರಲ್ಲಿ ಪ್ರಕಟವಾದಾಗ, ಸಹಾಯಕರಾಗಿದ್ದ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಅವರು ಸಹಲೇಖಕರಾಗಿದ್ದರು. ಸಹಾಯಕನ ಹೆಸರು ಮುಖಪುಟಕ್ಕೆ ಬರಲು ಇಷ್ಟು ಕಾಲ ಬೇಕಾಯಿತು ಎಂಬುದನ್ನೂ ಗಮನಿಸಿ.

ಎರಡು ಹಳ್ಳಿಗಳನ್ನು ಒಬ್ಬರು ನೋಡಬಹುದು. ಒಂದು ದೇಶವನ್ನು ನೋಡಲು ಸಂಸ್ಥೆಗಳು ಕೈಜೋಡಿಸಬೇಕಾಗುತ್ತದೆ. ದೆಹಲಿಯ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ ಸೇರಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಅಂಥದ್ದು. 2004-05ರಲ್ಲಿ 41,554 ಕುಟುಂಬಗಳನ್ನು ಮಾತನಾಡಿಸಲಾಯಿತು. ಪ್ರಶ್ನೆಗಳು 13 ಭಾರತೀಯ ಭಾಷೆಗಳಿಗೆ ಅನುವಾದಗೊಂಡವು. 2011-12ರಲ್ಲಿ ಬಹುಪಾಲು ಅದೇ ಕುಟುಂಬಗಳ ಬಾಗಿಲು ತಟ್ಟಿದರು. ಒಂದೇ ಮನೆಯ ಸಾಲ, ಮಕ್ಕಳ ಶಾಲೆ, ಕಾಯಿಲೆಯ ಖರ್ಚು, ಏಳು ವರ್ಷಗಳಲ್ಲಿ ಹೇಗೆ ಬದಲಾಯಿತೆಂದು ತಿಳಿಯಲು ಬೇರೆ ದಾರಿ ಇಲ್ಲ. ಹೆಸರು ವಿಳಾಸಗಳನ್ನು ತೆಗೆದುಹಾಕಿ, ಉತ್ತರಗಳನ್ನು ಜಗತ್ತಿನ ಯಾವ ಸಂಶೋಧಕನಾದರೂ ಉಚಿತವಾಗಿ ಪರಿಶೀಲಿಸುವಂತೆ ಬಿಡುಗಡೆ ಮಾಡಿದರು. ಒಬ್ಬ ಪಂಡಿತ ತಪ್ಪು ಲೆಕ್ಕ ಹಾಕಿದರೆ ಇನ್ನೊಂದು ದೇಶದ ವಿದ್ಯಾರ್ಥಿ ಅದನ್ನು ತೋರಿಸಿಕೊಡಬಲ್ಲ. ನನ್ನ ದೃಷ್ಟಿಯಲ್ಲಿ ಈ ಸಹಕಾರದ ನಿಜವಾದ ಬಲ ಇದೇ. ಈ ಸಮೀಕ್ಷೆಯ 2010ರ ವರದಿಯ ಲೇಖಕರಲ್ಲಿ ಒಬ್ಬರು ಡಾ. ಅಬೂಸಾಲೆಹ್ ಶರೀಫ್. ಸಾಚಾರ್ ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದವರೂ ಅವರೇ.

ಸಾಚಾರ್ ವರದಿಯ ಅಂಕಿಗಳನ್ನು 2006ರಿಂದ ನಾವು ಪ್ರತಿ ವೇದಿಕೆಯಲ್ಲೂ ಹೇಳುತ್ತಾ ಬಂದಿದ್ದೇವೆ. ಹೇಳಲೇಬೇಕು. ಆದರೆ ಈ ಮಾನವ ಅಭಿವೃದ್ಧಿ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ನಮ್ಮ ವೇದಿಕೆಗಳಲ್ಲಿ ನಾನು ಕೇಳಿಯೇ ಇಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ ಎಂದು 2011-12ರಲ್ಲಿ ಕೇಳಲಾಯಿತು. ಇಲ್ಲ ಎಂದವರಿಗೆ, ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ಅಡ್ಡಿಯಿಲ್ಲವೇ ಎಂದು ಇನ್ನೊಂದು ಪ್ರಶ್ನೆ. ದೇಶದ ಶೇ. 27ರಷ್ಟು ಕುಟುಂಬಗಳು ಯಾವುದಾದರೊಂದು ರೂಪದಲ್ಲಿ ಆಚರಣೆಯನ್ನು ಒಪ್ಪಿಕೊಂಡವು. ಮುಸ್ಲಿಮ್ ಕುಟುಂಬಗಳಲ್ಲಿ ಈ ಪ್ರಮಾಣ ಸುಮಾರು ಶೇ. 18.

ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಸಮುದಾಯದಲ್ಲಿ ನೂರಕ್ಕೆ ಹದಿನೆಂಟು ಮನೆ! ಅಶೋಕಪುರಂನಲ್ಲಿ, ಅಂಬೇಡ್ಕರರ ಹೆಸರಿನೊಂದಿಗೆ ಬೆಳೆದ ಈ ಬಡಾವಣೆಯಲ್ಲಿ ನಿಂತು ಈ ಅಂಕಿಯನ್ನು ಮುಚ್ಚಿಟ್ಟು ಮಾತನಾಡಲು ನನ್ನಿಂದ ಸಾಧ್ಯವಿಲ್ಲ. ಇತರರಿಗಿಂತ ನಮ್ಮ ಸಂಖ್ಯೆ ಕಡಿಮೆಯೆಂದು ಸಮಾಧಾನಪಡುವವರಿದ್ದಾರೆ. ಪಕ್ಕದ ಮನೆಯಲ್ಲಿ ಹೆಚ್ಚು ಕಸವಿದೆ ಎಂದರೆ ನಮ್ಮ ಅಂಗಳ ಚೊಕ್ಕಟವಾಗುವುದೇ? ನಮ್ಮ ಬಡತನ ಹೇಳುವ ಅಂಕಿ ಸತ್ಯ, ನಮ್ಮ ಅಡುಗೆಮನೆಯ ಬಾಗಿಲು ಹೇಳುವ ಅಂಕಿ ಸುಳ್ಳು ಎನ್ನಲಾಗದು. ಸಮೀಕ್ಷಕ ಎರಡನ್ನೂ ಒಂದೇ ವಿಧಾನದಿಂದ ಎಣಿಸುತ್ತಾನೆ.

ಇದಕ್ಕೆಲ್ಲ ವಿದೇಶದ ಹಣವಲ್ಲವೇ ಎಂಬ ಸಂಶಯ ನನಗೆ ಗೊತ್ತು. ಹೌದು, ಈ ಸಮೀಕ್ಷೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿತ್ತು. ಹಣ ಕೊಟ್ಟವರು ಯಾವ ಪ್ರಶ್ನೆ ಮುಖ್ಯವೆಂದು ತೀರ್ಮಾನಿಸುವ ಅಪಾಯ ಎಲ್ಲ ಕಡೆಯೂ ಇದೆ. ಅದಕ್ಕೆ ಮದ್ದು ಬಾಗಿಲು ಹಾಕಿಕೊಳ್ಳುವುದಲ್ಲ, ಪ್ರಶ್ನೆ ರೂಪಿಸುವ ಜಾಗದಲ್ಲಿ ನಮ್ಮವರೂ ಕೂರುವುದು. ಕಠ್ಮಂಡುವಿನಲ್ಲಿ ನೆಲೆಯಿದ್ದ ದಕ್ಷಿಣ ಏಷ್ಯಾದ ಪರಿಸರ ಅರ್ಥಶಾಸ್ತ್ರಜ್ಞರ ಜಾಲ, ಸ್ಯಾಂಡೀ ಎಂದು ಕರೆಯುತ್ತಾರೆ, ಅದನ್ನೇ ಮಾಡಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾದ ಯುವ ಸಂಶೋಧಕರಿಗೆ ಸಣ್ಣ ಅನುದಾನ ಕೊಟ್ಟು, ಪಾರ್ಥ ದಾಸ್‌ಗುಪ್ತಾ ಅವರಂಥ ಹಿರಿಯರ ಎದುರು ಕೂರಿಸಿ ತಿದ್ದಿಸಿತು. ಸರಕಾರಗಳು ಮುನಿಸಿಕೊಂಡಿದ್ದ ದಿನಗಳಲ್ಲೂ ಆ ಮೇಜಿನ ಸುತ್ತ ಮಾತು ನಡೆಯಿತು.

2019-20ರ ಪೌರತ್ವ ಚರ್ಚೆಯ ನಂತರ ಕಾಗದ ಹಿಡಿದವರನ್ನು ಕಂಡರೆ ನಮ್ಮ ಕೇರಿಗಳಲ್ಲಿ ಕದ ಮುಚ್ಚುವುದು ಹೆಚ್ಚಾಗಿದೆ. ಆ ಭಯಕ್ಕೆ ಕಾರಣವಿದೆ. ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಬಂದವರ ಗುರುತಿನ ಚೀಟಿ ಕೇಳಿ, ಯಾವ ಸಂಸ್ಥೆ, ಹೆಸರು ಗೋಪ್ಯವಾಗಿಡುತ್ತೀರಾ ಎಂದು ಕೇಳಿ, ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸಬೇಡಿ. ಮನವರಿಕೆಯಾದರೆ ಇರುವುದನ್ನು ಇದ್ದಂತೆ ಹೇಳಿ. ಸಾಲವಿದ್ದರೆ ಸಾಲವೆನ್ನಿ, ಮಗಳು ಶಾಲೆ ಬಿಟ್ಟಿದ್ದರೆ ಬಿಟ್ಟಳೆನ್ನಿ. ಮರ್ಯಾದೆಗಾಗಿ ಹೇಳಿದ ಸುಳ್ಳು ಕೊನೆಗೆ ನಮ್ಮ ಬಡಾವಣೆಗೇ ಶಾಲೆ ಬೇಡವೆಂಬ ಲೆಕ್ಕವಾಗಿ ಹಿಂದಿರುಗುತ್ತದೆ.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿರುವ ಹೆಣ್ಣುಮಕ್ಕಳು ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಆ ಸಮೀಕ್ಷೆಯ ಕರ್ನಾಟಕದ ಉತ್ತರಗಳೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತವೆ, ಹಣ ಕೊಡಬೇಕಾಗಿಲ್ಲ. ಸಭೆ ಮುಗಿದ ಮೇಲೆ ಬನ್ನಿ, ಎಲ್ಲಿ ನೋಂದಾಯಿಸಬೇಕೆಂದು ಬರೆದುಕೊಡುತ್ತೇನೆ.