ಬೆಟ್ಟ ಅಲ್ಲೇ ಇರ್ತದೆ, ನೀವು ವಾಪಸ್ ಬನ್ನಿ

ಬುಕ್ಕಸಾಗರದಿಂದ ಮಾತಾಡ್ತಿದೀನಿ. ಸುತ್ತ ಬಂಡೆಗುಡ್ಡ, ಚಿಕ್ಕಂದಿನಿಂದ ಇವನ್ನೇ ಹತ್ತಿ ಇಳಿದವರು ನಾವು. ಕತ್ತಲಲ್ಲೇ ಮತಂಗ ಬೆಟ್ಟ ಹತ್ತಿ ಸೂರ್ಯೋದಯ ನೋಡಿ, ತಿಂಡಿಗೆ ಹೊಸಪೇಟೆ ಸೇರಿದವರು. ಅದಕ್ಕೇ ವಾಟ್ಸಾಪ್ ಗ್ರೂಪಲ್ಲಿ ಹಿಮಾಲಯ ಟ್ರೆಕ್ ಮಾತು ಬಂದಾಗ ಗೆಳೆಯರು ಅಂದ್ರು: ‘ನಮಗೇನು ಬೆಟ್ಟ ಹೊಸದಾ?’

ಹೌದು, ಆ ಬೆಟ್ಟ ನಮಗೆ ಹೊಸದೇ.

2024ರ ಜೂನ್ ನೆನಪಿದೆಯಾ? ಉತ್ತರಾಖಂಡದ ಸಹಸ್ರತಾಲ್, 14 ಸಾವಿರ ಅಡಿಗೂ ಎತ್ತರದ ಜಾಗ. 22 ಜನರ ತಂಡ, ಹೆಚ್ಚಿನವರು ಕರ್ನಾಟಕದವರು. ಅನುಭವಿ ಚಾರಣಿಗರೂ ಇದ್ದರು. ಮೇಲೆ ಹೋಗಿ ಇಳಿಯುವಾಗ ಹಿಮಗಾಳಿ ಹಿಡೀತು. 9 ಜನ ವಾಪಸ್ ಬರಲಿಲ್ಲ. ಉಳಿದ 13 ಜನರನ್ನ ರಕ್ಷಣಾ ಸಿಬ್ಬಂದಿ ಕರೆತಂದರು, ವಾಯುಪಡೆಯ ಹೆಲಿಕಾಪ್ಟರ್‌ಗಳೂ ಹೋಗಿದ್ದವು.

ಲೆಕ್ಕ ಹೇಳ್ತೀನಿ ಕೇಳಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತೆ. 5,500 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದ ಅರ್ಧ. ಬಟ್ಟೆ ಒದ್ದೆಯಾಗಿ ಗಾಳಿ ಬೀಸಿದರೆ ಮೈ ಬಿಸಿ ಬೇಗ ಹೋಗುತ್ತೆ. ಮೊದಲು ನಡುಕ, ಆಮೇಲೆ ಮಾತು ತೊದಲೋದು, ಬುದ್ಧಿ ಮಂಕಾಗೋದು. ‘ನಾನು ಚೆನ್ನಾಗೇ ಇದೀನಿ’ ಅಂತ ಅವನೇ ಹೇಳ್ತಿರ್ತಾನೆ, ನಂಬಬೇಡಿ. ತಲೆನೋವು, ವಾಂತಿ ಶುರುವಾದ್ರೆ ಮತ್ತೆ ಮೇಲೇರಬಾರದು. ಕಡಿಮೆ ಆಗದಿದ್ರೆ ಕೆಳಗಿಳಿಯೋದೇ ಮದ್ದು.

ನಾವು ಬಿಟ್ಟು ಬರೋ ಕಸದ್ದು ಇನ್ನೊಂದು ಕಥೆ. ಆ ಚಳಿಯಲ್ಲಿ ಏನೂ ಬೇಗ ಕೊಳೆಯಲ್ಲ. ಹಿಮ ಕರಗಿದಾಗ ಅದು ಕೆಳಗಿನ ಹಳ್ಳಿಯವರು ಕುಡಿಯೋ ನೀರಿಗೆ ಸೇರುತ್ತೆ. ಎವರೆಸ್ಟ್ ಏರಿದವರು ತಲಾ 8 ಕೆಜಿ ಕಸ ಇಳಿಸಬೇಕು ಅಂತ ನೇಪಾಳ 2014ರಲ್ಲಿ ನಿಯಮ ಮಾಡ್ತು. 2024ರಲ್ಲಿ, ಮಲವನ್ನೂ ಚೀಲದಲ್ಲಿ ವಾಪಸ್ ತನ್ನಿ ಅಂದ್ರು. ನಗಬೇಡಿ, ನಮ್ಮಲ್ಲೂ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂಗೆ ನುಗ್ಗಿದ್ದಕ್ಕೇ ಚಾರಣ ನಿಲ್ಲಿಸಬೇಕಾಯ್ತು. ಆಮೇಲೆ ಆನ್‌ಲೈನ್ ಬುಕಿಂಗ್, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು.

ಗೆಳೆಯರ ಪರವಾಗಿ ಒಂದು ಟ್ರೆಕ್ ಕಂಪನಿಗೆ ಫೋನ್ ಮಾಡಿದೆ. ‘ಹವಾಮಾನ ಕೆಟ್ಟರೆ ಎಷ್ಟು ಗಂಟೆಗೆ ತಿರುಗ್ತೀರಿ? ಯಾರು ನಿರ್ಧಾರ ಮಾಡ್ತಾರೆ? ಕಸ ಯಾರು ಹೊರ್ತಾರೆ?’ ಸಿಕ್ಕ ಉತ್ತರ: ‘ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ ಸಾರ್.’

ದುಡ್ಡು ಕಟ್ಟಲಿಲ್ಲ. ಗ್ರೂಪಲ್ಲಿ ಇನ್ನೂ ನನ್ನ ಮೇಲೆ ಸಿಟ್ಟಿದೆ, ಇರ್ಲಿ. ಈ ಮೂರು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡೋರು ಸಿಕ್ಕ ದಿನ ನಾನೂ ಬ್ಯಾಗ್ ಕಟ್ತೀನಿ. ನೀವೂ ಕೇಳಿ. ಮುಂದಿನ ವಾರ ಸಿಗೋಣ.